ಅಲೆಯ ಸೂತ್ರವೂ ಕಾಲಡಿಯ ಕಲ್ಲೂ

ನಮ್ಮ ವಿದ್ಯಾಲಯಗಳಲ್ಲಿ ಭೌತವಿಜ್ಞಾನವನ್ನು ಒಂದು ಕೊಠಡಿಯಲ್ಲಿಯೂ ಭೂವಿಜ್ಞಾನವನ್ನು ಇನ್ನೊಂದು ಕೊಠಡಿಯಲ್ಲಿಯೂ ಬೋಧಿಸುವುದು ವಾಡಿಕೆ. ಅಲ್ಲಿ ವಿದ್ಯಾರ್ಥಿಯು ಅಲೆಯ ಸೂತ್ರವನ್ನು ಕಲಿಯುತ್ತಾನೆ. ಇಲ್ಲಿ ಶಿಲೆಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಾನೆ. ಆ ಅಲೆಯು ಈ ಶಿಲೆಯ ಮೂಲಕವೇ ಹಾಯುವುದೆಂಬುದನ್ನು ಅವನಿಗೆ ಹೇಳುವವರು ಯಾರು? ಅಧ್ಯಾಪಕರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಭೀಮಾ ತೀರದ ಘತ್ತರಗಿಯನ್ನು ನೆನೆಯೋಣ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಅಲ್ಲಿಗೆ ಬರುವ ಯಾತ್ರಿಕರು ಬಹುಮಂದಿ. ವಿಜ್ಞಾನದ ವಿದ್ಯಾರ್ಥಿಗೂ ಆ ಸೀಮೆಯೊಂದು ಯಾತ್ರಾಸ್ಥಳವೇ. ಅಫಜಲಪುರ, ಆಳಂದಗಳ ಎರೆಯ ಹೊಲಗಳಡಿಯಲ್ಲಿರುವ ಕರಿಕಲ್ಲು, ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ಆರಿ ಗಟ್ಟಿಯಾದುದು. ಜೋಳ ಬೆಳೆಯುವ ಕಪ್ಪು ಮಣ್ಣು ಆ ಕಲ್ಲು ಸವೆದು ಆದದ್ದು. ಜೇವರ್ಗಿ, ಶಹಾಬಾದುಗಳ ಕಡೆಗೆ ಹೋದರೆ, ಅದಕ್ಕಿಂತಲೂ ಬಹು ಪುರಾತನವಾದ ಸುಣ್ಣಕಲ್ಲು ಹಾಸುಹಾಸಾಗಿ ಕಾಣಿಸುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದು ಕಲ್ಲು ಅದೇ.

ಇದೆಲ್ಲವೂ ಪರೀಕ್ಷೆಗಾಗಿ ಮಾತ್ರ ಅರಿಯತಕ್ಕ ವಿಷಯವಲ್ಲ. ೧೯೯೩ನೆಯ ಇಸವಿ ಸೆಪ್ಟೆಂಬರ್ ೩೦ರಂದು ನಸುಕಿಗೆ ಮೊದಲು, ಆಳಂದದ ಉತ್ತರಕ್ಕೆ, ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ಕಂಪಿಸಿತು. ಅದರ ಪ್ರಮಾಣ ಸುಮಾರು ೬.೨. ದಖ್ಖನಿನ ನೆಲ ಅಲುಗದೆಂಬ ನಂಬಿಕೆಯೂ ಅಂದು ಅಲುಗಿತು. ಮಲಗಿದ್ದ ಸಾವಿರಾರು ಜನ ಮೇಲೇಳಲಿಲ್ಲ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆಗಳೂ ಮಣ್ಣು ಹೇರಿದ ಮಾಳಿಗೆಗಳೂ ಅವರ ಮೇಲೆ ಕುಸಿದವು. ಭಾರ ಹೆಚ್ಚಿದಷ್ಟೂ ಕಂಪನದಲ್ಲಿ ಗೋಡೆಯ ಮೇಲೆ ಬೀಳುವ ಬಲವೂ ಹೆಚ್ಚು. ನ್ಯೂಟನ್ನನ ಎರಡನೆಯ ನಿಯಮವೆಂದರೆ ಇದೇ.

ಇನ್ನು ಕರಿಹಲಗೆಯ ಮೇಲೆ ಒಂದು ಲೆಕ್ಕ. ಮೊದಲನೆಯ ಅಲೆ ಸೆಕೆಂಡಿಗೆ ೬ ಕಿಲೋಮೀಟರು ವೇಗದಲ್ಲಿಯೂ, ಗೋಡೆಯನ್ನು ತೂಗಾಡಿಸುವ ಎರಡನೆಯದು ೩.೫ ಕಿಲೋಮೀಟರು ವೇಗದಲ್ಲಿಯೂ ಬರುವುದೆನ್ನೋಣ. ನೂರು ಕಿಲೋಮೀಟರು ದೂರದ ಊರಿನಲ್ಲಿ ಎರಡಕ್ಕೂ ನಡುವೆ ೧೨ ಸೆಕೆಂಡುಗಳ ಅಂತರವಿರುತ್ತದೆ. ಹತ್ತು ಕಿಲೋಮೀಟರು ದೂರದಲ್ಲಿಯೋ? ಒಂದು ಸೆಕೆಂಡಿಗಿಂತ ತುಸು ಹೆಚ್ಚು! ಅಷ್ಟರಲ್ಲಿ ನಿದ್ದೆಯಿಂದೆದ್ದು ಹೊಸ್ತಿಲು ದಾಟುವವರು ಯಾರು? ಆದುದರಿಂದ ಓಟವನ್ನು ನಂಬುವಂತಿಲ್ಲ, ಗೋಡೆಯೇ ನಿಲ್ಲಬೇಕು. ಗೋಡೆಯ ಎರಡು ಮೈಗಳನ್ನೂ ಬಿಗಿಯುವ ಉದ್ದಗಲ್ಲು, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ, ಹಗುರವಾದ ಮಾಡು: ಇವು ಈ ಲೆಕ್ಕದ ಉತ್ತರಗಳು.

೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇದೆ. ಅಂಥಲ್ಲಿ ಓದುವ ರೈತನ ಮಗನನ್ನಾಗಲಿ ಮಗಳನ್ನಾಗಲಿ, ಮನೆ ಕಟ್ಟಿಸುವ ದಿನ ತಂದೆಯು ಒಂದು ಮಾತು ಕೇಳದೆ ಇರಲಾರನು. ಆಗ ಕೊಡುವ ಉತ್ತರವೇ ನಮ್ಮ ಬೋಧನೆಗೆ ನಿಜವಾದ ಪರೀಕ್ಷೆ.