ಪದವಿಯ ನಂತರವೂ ಓದು

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರು ಬಿ.ಡಿ.ಎಸ್. ಮಾಡಿ ದಂತವೈದ್ಯರಾಗುವ ಆಸೆ ಹೊಂದಿದ್ದೀರಿ. ಬಹಳ ಸಂತೋಷ. ಆದರೆ ಪದವಿ ಕೈಗೆ ಬಂದು, ಕ್ಲಿನಿಕ್ಕಿಗೆ ಬೋರ್ಡು ಹಾಕಿದರೆ ಓದು ಮುಗಿಯಿತು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಇದು ಸರಿಯಲ್ಲ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯನ್ನು ಕೊಡುತ್ತೇನೆ.

ಅಲ್ಲಿ ದಂತವೈದ್ಯರ ನೋಂದಣಿಯನ್ನು ಜನರಲ್ ಡೆಂಟಲ್ ಕೌನ್ಸಿಲ್ ನೋಡಿಕೊಳ್ಳುತ್ತದೆ. ಅದರ ಪಟ್ಟಿಯಲ್ಲಿ ಹೆಸರಿಲ್ಲದೆ ವೃತ್ತಿ ನಡೆಸುವುದು ಅಪರಾಧ. ಹೆಸರು ಉಳಿಯಬೇಕಾದರೆ ಪ್ರತಿ ವರ್ಷ ಶುಲ್ಕ ಕಟ್ಟಬೇಕು. ಅದರೊಂದಿಗೆ ಕಲಿಕೆಯ ಲೆಕ್ಕವನ್ನೂ ಒಪ್ಪಿಸಬೇಕು. ಹಿಂದೆ ಐದು ವರ್ಷಗಳಲ್ಲಿ 250 ಗಂಟೆ ಕಲಿಯಬೇಕಿತ್ತು. ಆದರೆ ಅದರಲ್ಲಿ 75 ಗಂಟೆಗಳಿಗೆ ಮಾತ್ರ ದಾಖಲೆ ಬೇಕಿತ್ತು. 2018ರ ಜನವರಿ 1ರಿಂದ ಈ ನಿಯಮ ಬದಲಾಯಿತು. ಈಗ ದಂತವೈದ್ಯರಿಗೆ ಐದು ವರ್ಷಕ್ಕೆ 100 ಗಂಟೆ. ಆದರೆ ಪ್ರತಿಯೊಂದು ಗಂಟೆಗೂ ದಾಖಲೆ ಬೇಕು. ಸಹಾಯಕ ದಾದಿಯರಿಗೂ, ಹಲ್ಲಿನ ಸೆಟ್ಟು ತಯಾರಿಸುವ ತಂತ್ರಜ್ಞರಿಗೂ 50 ಗಂಟೆ ಇದೆ.

ಕೊನೆಯ ವರ್ಷ ಓಡಾಡಿ ಲೆಕ್ಕ ತುಂಬಿಸುವಂತೆಯೂ ಇಲ್ಲ. ಯಾವುದೇ ಎರಡು ಸತತ ವರ್ಷಗಳಲ್ಲಿ ಕನಿಷ್ಠ 10 ಗಂಟೆಯಾದರೂ ಆಗಿರಬೇಕು. ಮುಖ್ಯವಾಗಿ, ತನಗೆ ಏನು ಕಲಿಯಬೇಕಾಗಿದೆ ಎಂಬ ಯೋಜನೆಯನ್ನು ವೈದ್ಯರೇ ಬರೆದಿಡಬೇಕು; ಕಲಿತದ್ದರಿಂದ ಏನು ಪ್ರಯೋಜನವಾಯಿತು ಎಂದೂ ದಾಖಲಿಸಬೇಕು. ನಿಯಮ ಪಾಲಿಸದವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು.

ಇಷ್ಟು ಕಟ್ಟುನಿಟ್ಟು ಏಕೆ ಎಂದು ನೀವು ಕೇಳಬಹುದು. ಹುಳುಕು ಹಲ್ಲಿಗೆ ಪಾದರಸ ಬೆರೆತ ಅಮಾಲ್ಗಮ್ ತುಂಬುವುದು ಬಹುಕಾಲದಿಂದ ನಡೆದು ಬಂದ ಚಿಕಿತ್ಸೆ. 2018ರ ಜುಲೈ 1ರಿಂದ ಬ್ರಿಟನ್ನಿನಲ್ಲಿ, ತೀರಾ ಅನಿವಾರ್ಯವಲ್ಲದಿದ್ದರೆ, 15 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದನ್ನು ಬಳಸುವಂತಿಲ್ಲ. ಕಾಲೇಜಿನಲ್ಲಿ ಕಲಿತದ್ದನ್ನೇ ನೆಚ್ಚಿಕೊಂಡ ವೈದ್ಯರಿಗೆ ಇದು ತಿಳಿಯುವುದಾದರೂ ಹೇಗೆ?

ನಮ್ಮ ದೇಶದಲ್ಲಿಯೂ ದಂತವೈದ್ಯರು ನೋಂದಣಿ ಮಾಡಿಸಲೇಬೇಕು. 1948ರ ದಂತವೈದ್ಯರ ಕಾಯಿದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯಿದೆಯನ್ನು ಅಂಗೀಕರಿಸಿತು. ಕಾರ್ಯಾಗಾರ, ಸಮ್ಮೇಳನಗಳಿಗೆ ಸಿ.ಡಿ.ಇ. ಅಂಕ ಕೊಡುವ ಪದ್ಧತಿಯೂ ನಮ್ಮಲ್ಲಿ ಬಂದಿದೆ. ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಬಂದರೆ ಅಂಕ ಸಿಗಬಹುದು, ಇಲ್ಮ್ ಸಿಗುವುದಿಲ್ಲ.

ವಿದ್ಯಾರ್ಥಿಗಳೇ, ರೋಗಿಯು ನಿಮ್ಮ ಮುಂದೆ ಬಾಯಿ ತೆರೆದು ಕೂರುವುದು ನಂಬಿಕೆಯಿಂದ. ಒಳಗೆ ನೀವು ಏನು ಮಾಡುತ್ತಿದ್ದೀರಿ ಎಂಬುದು ಆತನಿಗೆ ಕಾಣಿಸದು. ಆ ನಂಬಿಕೆ ಒಂದು ಅಮಾನತ್. ಅದನ್ನು ಕಾಪಾಡಲು ಬೇಕಾದ ಅಭ್ಯಾಸವನ್ನು ಶಾಲೆಯಲ್ಲಿರುವಾಗಲೇ ಆರಂಭಿಸಿ. ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ನಿಮಗೆ ತಿಳಿಯದ ಒಂದು ವಿಷಯವನ್ನು ಬರೆಯಿರಿ. ಮುಂದಿನ ವಾರದೊಳಗೆ ಅದನ್ನು ಕಲಿತು ಟಿಕ್ ಹಾಕಿ. ವೈದ್ಯರಾಗಲಿ, ಶಿಕ್ಷಕರಾಗಲಿ, ಮೆಕ್ಯಾನಿಕ್ ಆಗಲಿ, ಈ ರೂಢಿ ಇದ್ದವರಿಗೆ ಯಾವ ಪರವಾನಗಿಯ ನವೀಕರಣವೂ ಹೊರೆಯಾಗದು.

ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ, ಆಮೀನ್. ವಸ್ಸಲಾಮ್.