ಸಕ್ಕರೆಯ ಮನೆ: ಅಲ್ಲಿಯದು, ಇಲ್ಲಿಯದು

ಮಂಚೇನಹಳ್ಳಿ, ಗೌರಿಬಿದನೂರಿನಂಥ ಊರುಗಳಿಂದ ಓದಲೆಂದು, ದುಡಿಯಲೆಂದು ಜರ್ಮನಿಗೋ ಅಮೆರಿಕಕ್ಕೋ ಹೋದ ಹುಡುಗ ಹುಡುಗಿಯರಿಗೆ ಡಿಸೆಂಬರ್ ತಿಂಗಳಲ್ಲಿ ಗೆಳೆಯರಿಂದ ಒಂದು ಕರೆ ಬರುವುದುಂಟು: ಬನ್ನಿ, ಜಿಂಜರ್‌ಬ್ರೆಡ್ ಮನೆ ಕಟ್ಟೋಣ. ಶುಂಠಿ, ಲವಂಗ, ದಾಲ್ಚಿನ್ನಿ ಬೆರೆಸಿ ಬೇಯಿಸಿದ ಗಟ್ಟಿ ಬಿಸ್ಕತ್ತಿನ ಹಲಗೆಗಳೇ ಅದರ ಗೋಡೆ, ಸೂರು. ಮೊಟ್ಟೆಯ ಬಿಳಿಭಾಗಕ್ಕೆ ಸಕ್ಕರೆ ಪುಡಿ ಕಲಸಿದ್ದೇ ಗಾರೆ. ಮೇಲೆಲ್ಲ ಬಣ್ಣಬಣ್ಣದ ಪೆಪ್ಪರ್‌ಮೆಂಟು.

ಈ ಮನೆಯ ತವರು ಜರ್ಮನಿ. ಅಲ್ಲಿನ ನ್ಯೂರೆಂಬರ್ಗ್ ನಗರದಲ್ಲಿ ಜೇನು, ಮಸಾಲೆ ಹಾಕಿ 'ಲೆಬ್‌ಕೂಖನ್' ಮಾಡುವವರು 1643ರಲ್ಲೇ ತಮ್ಮದೇ ಕಸುಬಿನ ಸಂಘ ಕಟ್ಟಿಕೊಂಡಿದ್ದರು. 1812ರಲ್ಲಿ ಗ್ರಿಮ್ ಸಹೋದರರು ಪ್ರಕಟಿಸಿದ ಹಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ ಮಾಟಗಾತಿಯ ಮನೆಗೆ ರೊಟ್ಟಿಯ ಗೋಡೆ, ಸಕ್ಕರೆಯ ಕಿಟಕಿ. ತುತ್ತು ಅನ್ನಕ್ಕೂ ಗತಿಯಿಲ್ಲದೆ ತಾಯ್ತಂದೆಯರೇ ಕಾಡಿಗೆ ಬಿಟ್ಟುಬಂದ ಮಕ್ಕಳ ಕಥೆ ಅದು. ಹಬ್ಬದ ಸಡಗರದಲ್ಲಿ ಅದು ಯಾರಿಗೂ ನೆನಪಾಗದಿದ್ದರೆ ಆಶ್ಚರ್ಯವಿಲ್ಲ!

ಹಿಂದೆ ಲೆಬ್‌ಕೂಖನ್‌ಗೆ ಆಕಾರ ಕೊಡುತ್ತಿದ್ದುದು ಕೆತ್ತಿದ ಮರದ ಅಚ್ಚು. ಇಲ್ಲಿಗೆ ಬಂದಾಗ ನಮ್ಮವರಿಗೆ ಸಂಕ್ರಾಂತಿ ನೆನಪಾಗದೆ ಇರದು. ಹಳೆಯ ಮೈಸೂರು ಸೀಮೆಯಲ್ಲಿ ಎಳ್ಳುಬೆಲ್ಲದ ತಟ್ಟೆಯೊಂದಿಗೆ ಸಕ್ಕರೆ ಅಚ್ಚು ಇರಲೇಬೇಕು: ಗೋಪುರ, ಮಂಟಪ, ತುಳಸಿಕಟ್ಟೆ, ಆನೆ, ಗಿಳಿ. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯೂ ಮರದ ಅಚ್ಚಿನ ಕೂಸೇ.

ಅಚ್ಚು ಹಾಕುವುದು ನೋಡಲು ಸುಲಭ. ಕುದಿಯುವ ಸಕ್ಕರೆ ನೀರಿಗೆ ಒಂದೆರಡು ಚಮಚ ಹಾಲು ಬಿದ್ದರೆ ಕೊಳೆ ನೊರೆಯಾಗಿ ಮೇಲೇಳುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಬೇಕು. ನಾಲ್ಕು ಹನಿ ನಿಂಬೆರಸ ಸೇರಿಸುವವರೂ ಉಂಟು. ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿಡದಿದ್ದರೆ ಸಕ್ಕರೆ ಮರಕ್ಕೇ ಅಂಟಿ ಕೂರುತ್ತದೆ. ನೆನೆದ ಅಚ್ಚುಗಳನ್ನು ದಾರದಿಂದ ಬಿಗಿದು ಸಾಲಾಗಿ ನಿಲ್ಲಿಸಿಕೊಂಡ ಮೇಲೆ, ಪಾಕವನ್ನು ಸ್ವಲ್ಪಸ್ವಲ್ಪವೇ ಕಾಸಿ, ಅಂಚು ಬೆಳ್ಳಗಾಗುವವರೆಗೆ ತಿರುವಿ, ತಕ್ಷಣ ಸುರಿಯಬೇಕು. ಹೀಗೆ ತಿರುವಿದ್ದರಿಂದಲೇ ಸಕ್ಕರೆ ಸಣ್ಣ ಹರಳುಗಳಾಗಿ ಬಿಳಿಗಟ್ಟುತ್ತದೆ. ಅಲ್ಲಿಯವರು ಪೆಪ್ಪರ್‌ಮೆಂಟು ಕರಗಿಸಿ ಕಿಟಕಿಗೆ ಕೂರಿಸುತ್ತಾರಲ್ಲ, ಅದರಲ್ಲಿ ಹರಳೇ ಇರದು. ಅದಕ್ಕೇ ಗಾಜಿನಂತೆ ಪಾರದರ್ಶಕ.

ಒಂದು ಕ್ಷಣ ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲು. ಒಬ್ಬರು ಕಾಸಬೇಕು, ಒಬ್ಬರು ಅಚ್ಚು ಹಿಡಿಯಬೇಕು, ಇನ್ನೊಬ್ಬರು ಬಿಚ್ಚಬೇಕು. ಅತ್ತೆ, ನಾದಿನಿ, ಪಕ್ಕದ ಮನೆಯಾಕೆ ಕೂಡಿದ್ದ ಕಾಲಕ್ಕೆ ಇದು ಹೊಂದುತ್ತಿತ್ತು. ಈಗ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಅಚ್ಚು ಸಿದ್ಧವಾಗಿ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಮರದ ಅಚ್ಚು ಅಟ್ಟ ಸೇರಿದೆ. ಇದಕ್ಕೆ ಹೆಂಗಸರನ್ನು ದೂರುವುದು ಸಲ್ಲದು. ಒಬ್ಬಳೇ ಒಲೆಯ ಮುಂದೆ ಎಷ್ಟು ಹೊತ್ತು ನಿಂತಾಳು?

ಪರದೇಶದಲ್ಲಿ ಅಂಗಡಿಯ ಅಚ್ಚು ಸುಲಭವಾಗಿ ಸಿಗದು, ಎಳ್ಳು ಬೀರಲು ಓಣಿಯೂ ಇಲ್ಲ. ಅಲ್ಲಿ ಅಚ್ಚು ಹಾಕಬೇಕೆಂದರೆ ಗೆಳತಿಯರನ್ನೇ ಕರೆಯಬೇಕು. ಡಿಸೆಂಬರಿನಲ್ಲಿ ಬಿಸ್ಕತ್ತಿನ ಗೋಡೆ ಹಿಡಿದು ನಿಂತಿದ್ದವರೇ ಜನವರಿಯಲ್ಲಿ ದಾರ ಬಿಗಿಯಲು ಬಂದರೆ ಕೆಲಸ ಹೇಳಿಕೊಡಲು ಕಷ್ಟವಾಗದು. ಪಾಕ ಕೈಮೇಲೆ ಬೀಳದಂತೆ ಎಚ್ಚರಿಸಿದರೆ ಸಾಕು. ಮೊಟ್ಟೆ ಮುಟ್ಟದವರಿಗೂ ಇಲ್ಲಿ ಸಂಕೋಚವಿಲ್ಲ. ಇನ್ನು ಬಿಚ್ಚುವಾಗ ಗೋಪುರದ ತುದಿ ಮುರಿದರೆ ಅದು ಬೀರುವ ತಟ್ಟೆಗೆ ಬರುವುದಿಲ್ಲ. ಅಲ್ಲೇ ಕಾದು ಕುಳಿತ ಮಕ್ಕಳ ಪಾಲಿಗೆ, ಮಿಕ್ಕಿದ್ದು ಮತ್ತೆ ಪಾಕದ ಪಾತ್ರೆಗೆ.