ಸುಡುಮಣ್ಣಿನ ಬೆಂಕಿಗೆ ಈ ವಿಷ ಸಾಯಲ್ಲ

ಆಲೂರು ತಾಲೂಕಿನ ಕುಂದೂರು ಕಡೆ, ಸಕಲೇಶಪುರದ ಗುಡ್ಡಗಳಲ್ಲಿ ಕಾಫಿ ತೋಟ ಇರುವವರಿಗೆ ಇವತ್ತು ಒಂದು ಪ್ರಶ್ನೆ. ನಿಮ್ಮ ಹಳೇ ಸ್ಟೋರ್ ರೂಮಿನ ಮೂಲೆಯಲ್ಲಿ ತುಕ್ಕು ಹಿಡಿದ ಔಷಧಿ ಡಬ್ಬ, ಅರ್ಧ ಹರಿದ ಪುಡಿ ಚೀಲ ಇನ್ನೂ ಇದೆಯಾ?

ಅರೇಬಿಕಾಗೆ ಬಿಳಿ ಕಾಂಡಕೊರಕ ಬಿತ್ತು ಅಂದರೆ ಗಿಡ ಹೋಯ್ತು ಅಂತಲೇ ಲೆಕ್ಕ. ಅದಕ್ಕೆ ಒಂದು ಕಾಲದಲ್ಲಿ ಬಿಎಚ್‌ಸಿ, ಆಮೇಲೆ ಲಿಂಡೇನ್ ಕಲಸಿ ಕಾಂಡಕ್ಕೆ ಬಳಿಯುತ್ತಿದ್ದರು. ಬೆಳೆಗಾರರನ್ನು ಬೈಯೋದು ಬೇಡ, ಆಗ ಹಾಗೇ ಹೇಳಿಕೊಟ್ಟಿದ್ದರು. 1997ರಲ್ಲಿ ಬಿಎಚ್‌ಸಿ ನಿಷೇಧವಾಯ್ತು. 2013ರಲ್ಲಿ ಲಿಂಡೇನ್ ಬಳಕೆಗೂ ತಡೆ ಬಿತ್ತು. ಆದರೆ ಮಣ್ಣಿಗೆ ಸೇರಿದ್ದು ಸರ್ಕಾರಿ ಆದೇಶ ಓದಿಕೊಂಡು ಎದ್ದು ಹೋಗುತ್ತಾ? ಕಣಕಣಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಕೂರುತ್ತೆ.

ಸುಟ್ಟುಬಿಟ್ಟರಾಯ್ತು, ನಾವು ಸುಡುಮಣ್ಣು ಮಾಡಲ್ವಾ ಅನ್ನಬಹುದು ನೀವು. ಯೋಚನೆ ಪೂರ್ತಿ ತಪ್ಪಲ್ಲ. ವಿಯೆಟ್ನಾಂನ ಡಾ ನಾಂಗ್ ವಿಮಾನ ನಿಲ್ದಾಣದ ಮಣ್ಣಿನಲ್ಲಿ ಡಯಾಕ್ಸಿನ್ ಇತ್ತು, ಅಮೆರಿಕ ಯುದ್ಧದಲ್ಲಿ ಬಳಸಿದ ಏಜೆಂಟ್ ಆರೆಂಜ್ ಬಿಟ್ಟುಹೋದ ವಿಷ. ಕಾಂಕ್ರೀಟ್ ಗೋಡೆ ಕಟ್ಟಿ, ಒಳಗೆ ಆ ಮಣ್ಣು ತುಂಬಿ, ಮೇಲೆ ಮುಚ್ಚಿ, ಉದ್ದುದ್ದ ಹೀಟರ್‌ಗಳನ್ನು ಸಾಲಾಗಿ ಇಳಿಸಿದರು. 335 ಡಿಗ್ರಿ ಸೆಲ್ಸಿಯಸ್‌ ಮುಟ್ಟೋ ತನಕ ತಿಂಗಳುಗಟ್ಟಲೆ ಕಾಯಿಸಿದರು. ಬಹುಪಾಲು ವಿಷ ಅಲ್ಲೇ ಒಡೆದುಹೋಯ್ತು. ಆವಿಯಾಗಿ ಎದ್ದಿದ್ದನ್ನು ಪೈಪಿನಲ್ಲಿ ಎಳೆದು ಶೋಧಿಸಿದರು. ಸುಮಾರು 90 ಸಾವಿರ ಘನ ಮೀಟರ್ ಮಣ್ಣು, 11 ಕೋಟಿ ಡಾಲರ್ ಖರ್ಚು, 2018ಕ್ಕೆ ಮುಗೀತು. ಇಂಜಿನಿಯರಿಂಗ್ ಓದಿದ ನನಗೆ ಇದು ಕೇಳಲಿಕ್ಕೇ ಖುಷಿ.

ಆದರೆ ಅಲ್ಲಿ ಉರಿಯೂ ಇಲ್ಲ, ಹೊಗೆಯೂ ಇಲ್ಲ, ಗಮನಿಸಿ. ಕ್ಲೋರಿನ್ ಇರುವ ಈ ಪುಡಿಗಳನ್ನು ತರಗೆಲೆ ಜೊತೆ ಹಿತ್ತಲಲ್ಲಿ ಸುಟ್ಟರೆ ಅರೆಬೆಂದು, ಅದೇ ಡಯಾಕ್ಸಿನ್ ಹೊಗೆಯಲ್ಲಿ ಹುಟ್ಟಬಹುದು. ಅವರು ಕೋಟಿ ಸುರಿದು ತೆಗೆದದ್ದನ್ನು ನಾವು ಪುಕ್ಕಟೆ ತಯಾರಿಸಿದ ಹಾಗೆ!

ಇಡೀ ತೋಟ ಕಾಯಿಸೋದೂ ಆಗದ ಮಾತು. ಎರೆಹುಳ, ಎಲೆಗೊಬ್ಬರ ಎಲ್ಲಾ ಹೋಗಿ ಇಟ್ಟಿಗೆ ಪುಡಿ ಉಳಿಯುತ್ತೆ. ಮೇಲಾಗಿ ಮಳೆ ಕುಡಿದ ಮಲೆನಾಡ ಮಣ್ಣು, ಮೊದಲು ನೀರು ಆರಬೇಕು, ಕರೆಂಟ್ ಬಿಲ್ ಕಟ್ಟೋರ್ಯಾರು? ಕಾಸರಗೋಡಿನ ಗೇರು ಗುಡ್ಡಗಳಿಗೆ 2000ದ ತನಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಆ ಗುಡ್ಡಗಳನ್ನು ಯಾರೂ ಕಾಯಿಸಲಾರರು. ಆದರೆ ಗಡಿಯ ಮಿಂಚಿಪದವಿನಲ್ಲಿ ಉಳಿದ ಎಂಡೋಸಲ್ಫಾನನ್ನು ಬಾವಿಗೆ ಹಾಕಿ ಮುಚ್ಚಿದ್ದಾರೆ ಅನ್ನೋ ದೂರು ಹಸಿರು ನ್ಯಾಯಮಂಡಳಿ ತನಕ ಹೋಯ್ತಲ್ಲ, ಅಂಥ ಒಂದೊಂದು ಜಾಗವನ್ನು ಅಗೆದು ನೋಡಬಹುದು, ವಿಷ ಸಿಕ್ಕರೆ ಕಾಯಿಸಿ ತೆಗೆಯಲೂಬಹುದು.

ನಮ್ಮ ಗುಡ್ಡಗಳಲ್ಲಿ ಅಂಥ ಜಾಗ ಯಾವುವು? ಔಷಧಿ ಕಲಸುತ್ತಿದ್ದ ತೊಟ್ಟಿ, ಸ್ಟೋರಿನ ನೆಲ, ಖಾಲಿ ಡಬ್ಬ ಹೂತ ಗುಂಡಿ. ಹಳೇ ರೈಟರು, ಮೇಸ್ತ್ರಿಗಳಿಗೆ ಇದೆಲ್ಲ ಬಾಯಿಪಾಠ. ಅವರಿಗೂ ವಯಸ್ಸಾಯ್ತು. ಕೃಷಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ, ಈ ಮಳೆಗಾಲ ಶುರುವಾಗೋ ಮುಂಚೆ. ಅಲ್ಲಿಯವರೆಗೆ ಡಬ್ಬ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಸುಡಬೇಡಿ, ಹೇಮಾವತಿಗೆ ಸೇರುವ ಹಳ್ಳಕ್ಕಂತೂ ಎಸೆಯಲೇಬೇಡಿ.